ಹಳೆಯ ಹಾಯಿದೋಣಿಯ ಡೆಕ್ ಯಾಕೆ ಮೆತ್ತಗಾಗುತ್ತದೆ, ಮತ್ತೆ ಗಟ್ಟಿ ಮಾಡುವುದು ಹೇಗೆ

ರೇಲಿಂಗ್ ಕಂಬದ ಪಕ್ಕ ಕಾಲಿಟ್ಟರೆ ಡೆಕ್, ಅಂದರೆ ದೋಣಿಯ ಮೇಲ್ಹಾಸು, ಚೂರು ಕುಸಿಯುತ್ತದೆ. ಕಾಲೆತ್ತಿದರೆ ಮತ್ತೆ ಮೇಲೆ ಬರುತ್ತದೆ. ಕೆಲವು ಸಲ ಹತ್ತಿರದ ಬೋಲ್ಟಿನ ಬುಡದಿಂದ ಕಂದು ಬಣ್ಣದ ಒಂದು ಹನಿ ನೀರು ಹೊರಗೆ ಇಣುಕುತ್ತದೆ. ಹಳೆಯ ಫೈಬರ್‌ಗ್ಲಾಸ್ (ಗಾಜಿನ ಎಳೆಗೆ ರೆಸಿನ್ ಎಂಬ ಅಂಟುದ್ರವ ಹಾಕಿ ಗಟ್ಟಿ ಮಾಡಿದ್ದು) ಹಾಯಿದೋಣಿ ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಇದು ಗೊತ್ತಿರುವ ಅನುಭವ. ಮೇಲಿನಿಂದ ನೋಡಿದರೆ ಬಣ್ಣ ಚೆನ್ನಾಗಿದೆ, ದೊಡ್ಡ ಬಿರುಕಿಲ್ಲ. ಆದರೂ ಏನೋ ಸರಿಯಿಲ್ಲ ಅಂತ ಕಾಲಿಗೆ ಗೊತ್ತಾಗುತ್ತದೆ.

ಇದನ್ನು ಸರಿಮಾಡುವ ಕೆಲಸ ಧೂಳಿನದು, ತಾಳ್ಮೆಯದು. ಕಷ್ಟದ ವಿದ್ಯೆಯೇನಲ್ಲ. ಆದರೆ ಡೆಕ್ಕಿನ ಒಳಗೆ ಏನಿದೆ, ಅದರ ಬಲ ಎಲ್ಲಿಂದ ಬರುತ್ತದೆ ಅನ್ನೋದು ಮೊದಲು ತಿಳಿದಿರಬೇಕು. ಅದು ತಿಳಿದರೆ ಮುಂದಿನ ಒಂದೊಂದು ಹೆಜ್ಜೆಯೂ ಯಾಕೆ ಅಂತ ತಾನಾಗಿಯೇ ಹೊಳೆಯುತ್ತದೆ.

ಬಲ ಇರುವುದು ಅಂಟಿನಲ್ಲಿ

ಫೈಬರ್‌ಗ್ಲಾಸ್ ದೋಣಿಯ ಡೆಕ್ ಸಾಮಾನ್ಯವಾಗಿ ಒಂದೇ ಗಟ್ಟಿ ಹಲಗೆ ಅಲ್ಲ. ಮೇಲೊಂದು ಫೈಬರ್‌ಗ್ಲಾಸ್ ಪದರ, ಕೆಳಗೊಂದು ಪದರ, ನಡುವೆ ಹಗುರವಾದ ಮರ. ಈ ನಡುವಿನ ಭಾಗಕ್ಕೆ ಕೋರ್ ಅಂತ ಹೆಸರು. ಹಳೆಯ ದೋಣಿಗಳಲ್ಲಿ ಅದು ಬಾಲ್ಸಾ ಮರ ಆಗಿರುತ್ತದೆ, ಇಲ್ಲವೇ ಪ್ಲೈವುಡ್. ದಪ್ಪ ಸಾಮಾನ್ಯವಾಗಿ ಸೆಂಟಿಮೀಟರ್ ಆಸುಪಾಸು.

ಒಂದು ದಪ್ಪ ಪುಸ್ತಕ ತೆಗೆದುಕೊಂಡು ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗುತ್ತದೆ, ಯಾಕೆಂದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಅದೇ ಹಾಳೆಗಳನ್ನೆಲ್ಲ ಅಂಟು ಹಚ್ಚಿ ಒಂದಕ್ಕೊಂದು ಅಂಟಿಸಿಬಿಟ್ಟರೆ ಹಲಗೆಯಂತಾಗುತ್ತದೆ. ಕಾಗದ ಅದೇ, ತೂಕವೂ ಹೆಚ್ಚುಕಡಿಮೆ ಅದೇ. ಬದಲಾಗಿದ್ದು ಒಂದೇ, ಹಾಳೆಗಳಿಗೆ ಈಗ ಜಾರಲು ಆಗುವುದಿಲ್ಲ.

ಇದನ್ನೇ ಲೆಕ್ಕದಲ್ಲಿ ನೋಡೋಣ. ಒಂದು ಗಟ್ಟಿ ಫೈಬರ್‌ಗ್ಲಾಸ್ ಹಲಗೆಯ ಬಿಗಿತ 1 ಅಂದುಕೊಳ್ಳಿ. ಅದರ ದಪ್ಪವನ್ನು ಅರ್ಧಕ್ಕೆ ಸೀಳಿ ಎರಡು ತೆಳು ಪದರ ಮಾಡಿ. ನಡುವೆ ಕೋರ್ ಇಟ್ಟು ಒಟ್ಟು ದಪ್ಪವನ್ನು ಎರಡರಷ್ಟು ಮಾಡಿದರೆ ಬಿಗಿತ 7 ಆಗುತ್ತದೆ. ನಾಲ್ಕರಷ್ಟು ದಪ್ಪ ಮಾಡಿದರೆ 37. ಫೈಬರ್‌ಗ್ಲಾಸ್ ಒಂದು ಗ್ರಾಂ ಕೂಡ ಜಾಸ್ತಿ ಹಾಕಿಲ್ಲ. ಹಗುರ ಬೇಕು, ಗಟ್ಟಿಯೂ ಬೇಕು ಅನ್ನುವ ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದಿಲ್ಲ.

ಈಗ ಅಂಟು ಪೂರ್ತಿ ಬಿಟ್ಟುಹೋಯಿತು ಅಂದುಕೊಳ್ಳಿ. ಎರಡು ತೆಳು ಪದರಗಳು ತಮ್ಮಷ್ಟಕ್ಕೆ ತಾವು ಬಗ್ಗುತ್ತವೆ. ಆಗ ಎರಡೂ ಸೇರಿದ ಬಿಗಿತ ಎಷ್ಟು ಗೊತ್ತಾ? ಬರೀ ಕಾಲು ಭಾಗ, 0.25. ಏಳರಿಂದ ಕಾಲಿಗೆ. ಅಂದರೆ 28 ಪಟ್ಟು ಕಡಿಮೆ. ನಿಜವಾದ ಡೆಕ್ಕಿನಲ್ಲಿ ಅಂಟು ಒಂದೇ ಸಲ ಎಲ್ಲ ಕಡೆ ಬಿಡುವುದಿಲ್ಲ, ಹಾಗಾಗಿ ಇಷ್ಟು ದೂರ ಬೀಳುವುದಿಲ್ಲ. ಆದರೆ ಗಟ್ಟಿಯಾಗಿದ್ದ ಡೆಕ್ ಕಾಲ ಕೆಳಗೆ ಹಾಗೆ ಕುಸಿಯುವುದು ಯಾಕೆ ಅನ್ನೋದು ಈ ಲೆಕ್ಕದಲ್ಲೇ ಇದೆ. ಮೂರು ಪದರ ಸೇರಿ ಒಂದಾಗಿರುವವರೆಗೆ ಮಾತ್ರ ಅದು ಡೆಕ್. ರಿಪೇರಿ ಅಂದರೆ ಆ ಮೂರನ್ನು ಮತ್ತೆ ಒಂದು ಮಾಡುವುದು.

ನೀರು ಬರುವ ದಾರಿ

ಬಾಲ್ಸಾ ತುಂಬ ಹಗುರ ಮರ. ಡೆಕ್ಕಿಗೆ ಬಳಸುವಾಗ ಅದನ್ನು ಉದ್ದಕ್ಕೆ ಸೀಳುವುದಿಲ್ಲ, ಅಡ್ಡ ಕತ್ತರಿಸಿ ಸಣ್ಣ ಚೌಕ ಬಿಲ್ಲೆಗಳನ್ನು ಮಾಡುತ್ತಾರೆ. ಹಾಗಾಗಿ ಮರದ ನಾರು ನೆಟ್ಟಗೆ ನಿಂತಿರುತ್ತದೆ. ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಸಾವಿರಾರು ಸಣ್ಣ ಕಂಬ ನಿಲ್ಲಿಸಿದ ಹಾಗೆ. ತುಳಿತವನ್ನು ಇದು ಬಹಳ ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಮರದಲ್ಲಿ ನೀರು ಹೆಚ್ಚಾಗಿ ನಾರಿನ ಉದ್ದಕ್ಕೇ ಓಡುತ್ತದೆ, ಅಡ್ಡಕ್ಕೆ ನಿಧಾನ. ನಾರು ನಿಂತಿದ್ದರೆ ಪಕ್ಕಕ್ಕೆ ಬೇಗ ಹರಡಬಾರದು.

ಹರಡಬಾರದು, ಆದರೂ ಹರಡುತ್ತದೆ. ಡೆಕ್ಕಿನ ಉಬ್ಬಿಗೆ ತಕ್ಕಂತೆ ಬಾಗಲಿ ಅಂತ ಈ ಬಿಲ್ಲೆಗಳನ್ನು ಸಾಲಾಗಿ ಒಂದು ಜಾಳು ಬಟ್ಟೆಗೆ ಅಂಟಿಸಿರುತ್ತಾರೆ. ಬಿಲ್ಲೆ ಬಿಲ್ಲೆಯ ನಡುವೆ ಸಣ್ಣ ಸಂದು ಇರುತ್ತದೆ. ಕಟ್ಟುವಾಗ ಆ ಸಂದುಗಳಿಗೆ ರೆಸಿನ್ ತುಂಬದೆ ಹೋದರೆ ಅವೇ ಕಾಲುವೆಗಳು. ಒಂದು ಬೋಲ್ಟಿನ ಹತ್ತಿರ ಇಳಿದ ನೀರು ಆ ಕಾಲುವೆ ಹಿಡಿದು ಒಂದು ಮೀಟರ್ ಆಚೆಗೂ ಹೋಗಿರುತ್ತದೆ. ಪ್ಲೈವುಡ್‌ನಲ್ಲಿ ನಾರು ಮಲಗಿಯೇ ಇರುವುದರಿಂದ ನೀರಿಗೆ ದಾರಿ ಇನ್ನೂ ಸಲೀಸು.

ನೀರು ಒಳಗೆ ಬರುವುದು ಎಲ್ಲಿಂದ? ಹೆಚ್ಚಿನ ಸಲ ಡೆಕ್ಕಿಗೆ ಕೊರೆದ ತೂತುಗಳಿಂದಲೇ. ಒಂದು ರೇಲಿಂಗ್ ಕಂಬದ ಬುಡಕ್ಕೆ ನಾಲ್ಕು ಬೋಲ್ಟ್ ಅಂದರೂ ಹನ್ನೆರಡು ಕಂಬಕ್ಕೆ 48 ತೂತು. ಹಗ್ಗ ಕಟ್ಟುವ ಕ್ಲೀಟ್, ಹಾಯಿಯ ಹಳಿ, ಕೈಹಿಡಿ, ಕಿಟಕಿ, ಮೇಲ್ಬಾಗಿಲು ಎಲ್ಲ ಸೇರಿದರೆ ನೂರು ದಾಟುವುದು ಏನೂ ಕಷ್ಟವಲ್ಲ. ಪ್ರತಿಯೊಂದು ತೂತೂ ಕೋರನ್ನು ಸೀಳಿಕೊಂಡು ಹೋಗಿದೆ. ಪ್ರತಿಯೊಂದನ್ನೂ ಕಾಯುತ್ತಿರುವುದು ತೆಳುವಾದ ಒಂದು ಗೆರೆ ಸೀಲಂಟ್, ಅಂದರೆ ನೀರು ತಡೆಯುವ ಮೆತ್ತನೆಯ ಅಂಟು. ಅದು ವರ್ಷ ಕಳೆದಂತೆ ಒಣಗಿ ಬಿರಿಯುತ್ತದೆ.

ರೇಲಿಂಗ್ ಕಂಬಗಳ ಬುಡವೇ ಜಾಸ್ತಿ ಹಾಳಾಗುವುದಕ್ಕೂ ಕಾರಣ ಇದೆ. ಕಂಬ ಸುಮಾರು 60 ಸೆಂಟಿಮೀಟರ್ ಎತ್ತರ. ಬುಡದ ಬೋಲ್ಟುಗಳ ನಡುವೆ ಇರುವುದು ಆರೇಳು ಸೆಂಟಿಮೀಟರ್. ದೋಣಿ ಹತ್ತುವವರು ಕಂಬದ ತುದಿ ಹಿಡಿದು ಜಗ್ಗಿದರೆ ಬೋಲ್ಟಿನ ಮೇಲೆ ಆ ಎಳೆತ ಎಂಟು ಹತ್ತು ಪಟ್ಟಾಗಿ ಬೀಳುತ್ತದೆ. ಬುಡ ಕೂದಲೆಳೆಯಷ್ಟು ಅಲ್ಲಾಡಿದರೂ ಸೀಲಂಟ್ ಬಿಟ್ಟುಕೊಳ್ಳುತ್ತದೆ. ಮುಂದಿನ ಮಳೆಗೆ ನೀರು ಒಳಗೆ.

ಮಳೆ ನೀರು ಅಂತ ಹೇಳಿದ್ದು ಸುಮ್ನೆ ಅಲ್ಲ. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ, ಸಿಹಿನೀರು ಬೇಕು. ಹಿಂದೆ ಮರದ ಹಡಗು ಕಟ್ಟುವವರು ಮರ ಕೊಳೆಯದಿರಲಿ ಅಂತ ಹಲಗೆಗಳ ಸಂದಿನಲ್ಲಿ ಉಪ್ಪು ತುಂಬುತ್ತಿದ್ದುದೂ ಉಂಟು. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆತ ಶುರುವಾಗುವುದಿಲ್ಲ. ಅದರ ಮೇಲೆ ಏರಿ ಅಲ್ಲೇ ನಿಂತರೆ, ಬೆಚ್ಚಗೂ ಇದ್ದರೆ, ಮರ ನಿಧಾನವಾಗಿ ಹಿಟ್ಟಾಗುತ್ತದೆ. ಚಳಿ ಪ್ರದೇಶದಲ್ಲಿ ಇನ್ನೊಂದು ಕಾಟ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪದರವನ್ನು ಕೋರಿನಿಂದ ಎಬ್ಬಿಸುತ್ತದೆ.

ಎಷ್ಟು ಹಾಳಾಗಿದೆ?

ಮೊದಲ ಉಪಕರಣ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ. ಅದರಿಂದ ಡೆಕ್ಕನ್ನು ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋಗಿ. ಚೆನ್ನಾಗಿರುವ ಕಡೆ ಠಣ್ ಅನ್ನುವ ಚುರುಕು ಸದ್ದು. ಹಾಳಾದ ಕಡೆ ದಬ್ ಅನ್ನುವ ಸತ್ತ ಸದ್ದು. ಹತ್ತು ನಿಮಿಷದಲ್ಲಿ ಕಿವಿ ಪಳಗುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕೊನೆಗೆ ಡೆಕ್ಕಿನ ಮೇಲೆ ಒಂದು ನಕ್ಷೆಯೇ ಆಗಿರುತ್ತದೆ.

ತೇವ ಅಳೆಯುವ ಮೀಟರ್ ಕೂಡ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನೇ ನಂಬಬೇಡಿ. ಕೆಳಗೆ ಲೋಹ ಇದ್ದರೆ ಒದ್ದೆ ಅನ್ನುತ್ತದೆ. ಮೇಲೆ ಇಬ್ಬನಿ ಇದ್ದರೂ ಒದ್ದೆ ಅನ್ನುತ್ತದೆ. ಅನುಮಾನ ಇದ್ದರೆ ದೋಣಿಯ ಒಳಗಿನಿಂದ, ಕೆಳಗಿನ ಪದರಕ್ಕೆ ಮಾತ್ರ ಸಣ್ಣ ತೂತು ಕೊರೆದು ಹೊರಬರುವ ಪುಡಿ ನೋಡಿ. ಬಿಳಿಚಿಕೊಂಡ ಒಣ ಪುಡಿ ಬಂದರೆ ಒಳ್ಳೆಯದು. ಕಂದು ಬಣ್ಣದ, ಬೆರಳಿಗೆ ಅಂಟುವ ಪುಡಿ ಬಂದರೆ ಗೊತ್ತಾಯಿತಲ್ವಾ.

ಒಂದು ಮಾತು ಮನಸ್ಸಲ್ಲಿರಲಿ. ಮೆತ್ತಗಿರುವ ಜಾಗಕ್ಕಿಂತ ಒದ್ದೆಯಾಗಿರುವ ಜಾಗ ದೊಡ್ಡದು. ನೀರು ಮೊದಲು ಹೋಗುತ್ತದೆ, ಕೊಳೆತ ಆಮೇಲೆ ಹಿಂಬಾಲಿಸುತ್ತದೆ.

ಇಲ್ಲಿ ಬಹಳ ಜನ ಅಡ್ಡದಾರಿ ಹುಡುಕುತ್ತಾರೆ. ಡೆಕ್ಕಿನ ಮೇಲೆ ಹತ್ತಾರು ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಒಳಗೆ ಹಾಕುವುದು. ನನಗೆ ಇದರಲ್ಲಿ ನಂಬಿಕೆ ಇಲ್ಲ. ನೀರು ತುಂಬಿದ ಮರದೊಳಗೆ ಎಪಾಕ್ಸಿಗೆ ಜಾಗವೇ ಇರುವುದಿಲ್ಲ. ಅದು ತೂತಿನ ಸುತ್ತ ಒಂದು ಗುಂಡಿಯಂತೆ ಗಟ್ಟಿಯಾಗುತ್ತದೆ, ಉಳಿದ ನೀರನ್ನು ಒಳಗೇ ಮುಚ್ಚಿಹಾಕುತ್ತದೆ. ಮುಂದೆ ನಿಜವಾದ ರಿಪೇರಿ ಮಾಡುವಾಗ ಆ ಗುಂಡಿಗಳನ್ನು ಒಂದೊಂದಾಗಿ ಕೆತ್ತಬೇಕಾಗುತ್ತದೆ. ಕೋರ್ ಪೂರ್ತಿ ಒಣಗಿದ್ದು, ಮರ ಗಟ್ಟಿಯಿದ್ದು, ಅಂಗೈ ಅಗಲದಲ್ಲಿ ಅಂಟು ಮಾತ್ರ ಬಿಟ್ಟಿದ್ದರೆ ಈ ಉಪಾಯ ನಡೆಯುತ್ತದೆ. ಅಷ್ಟಕ್ಕೆ ಮಾತ್ರ. ಹಾಗೇ ಒಣಗಿಸಿದರೆ ಸಾಕಲ್ವಾ ಅಂತಲೂ ಕೇಳುತ್ತಾರೆ. ಕೊಳೆತ ಮರ ಒಣಗಿದರೆ ಒಣಗಿದ ಕೊಳೆತ ಮರ ಆಗುತ್ತದೆ, ಬಲ ವಾಪಸ್ ಬರುವುದಿಲ್ಲ.

ಡೆಕ್ ತೆರೆಯುವುದು

ಮೇಲಿನಿಂದ ತೆರೆಯಬೇಕೋ ಕೆಳಗಿನಿಂದಲೋ? ಕೆಳಗಿನಿಂದ ಮಾಡಿದರೆ ಡೆಕ್ಕಿನ ಅಂದ ಕೆಡುವುದಿಲ್ಲ ನಿಜ. ಆದರೆ ತಲೆಯ ಮೇಲೆ ಕೈಯೆತ್ತಿ ಕೆಲಸ ಮಾಡಬೇಕು, ರೆಸಿನ್ ಮುಖದ ಮೇಲೆ ತೊಟ್ಟಿಕ್ಕುತ್ತದೆ, ಕೋರ್ ಬೀಳದಂತೆ ಒತ್ತಿ ಹಿಡಿಯಬೇಕು. ಮೇಲಿನಿಂದ ಮಾಡಿದರೆ ಭಾರವೇ ನಮ್ಮ ಕೆಲಸ ಮಾಡಿಕೊಡುತ್ತದೆ. ಬೇರೆ ಗತಿ ಇಲ್ಲದಿದ್ದರೆ ಮಾತ್ರ ಕೆಳಗಿನಿಂದ ಮಾಡಿ ಅಂತ ನಾನು ಹೇಳುತ್ತೇನೆ.

ಮೊದಲು ಮೇಲೊಂದು ಟಾರ್ಪಾಲಿನ ಮಾಡು ಕಟ್ಟಿ. ತೆರೆದ ಡೆಕ್ಕಿನ ಮೇಲೆ ಒಂದು ಮಳೆ ಬಿದ್ದರೆ ವಾರದ ಕೆಲಸ ಹೋಯಿತು. ಒಳಗಿನಿಂದ ಡೆಕ್ಕಿಗೆ ಊರೆಗೋಲು ಕೊಡಿ. ಮೇಲಿನ ಪದರ ತೆಗೆದಮೇಲೆ ಕೆಳಗಿನ ತೆಳು ಪದರ ಜೋತುಬಿದ್ದರೆ ಡೆಕ್ಕಿನ ಉಬ್ಬು ಹೋಗಿ ಆ ತಪ್ಪು ಆಕಾರವೇ ಗಟ್ಟಿಯಾಗುತ್ತದೆ. ದೊಡ್ಡ ಜಾಗ ಹಾಳಾಗಿದ್ದರೆ ಒಂದೇ ಸಲ ತೆರೆಯಬೇಡಿ, ಭಾಗ ಭಾಗವಾಗಿ ಮಾಡಿ.

ಕಾಲು ಜಾರದಂತೆ ಒರಟು ಮಾಡಿರುವ ಭಾಗಗಳ ನಡುವೆ ನುಣುಪಾದ ಪಟ್ಟಿಗಳು ಇರುತ್ತವಲ್ಲ, ಗರಗಸದ ಗೆರೆ ಅಲ್ಲೇ ಬರಲಿ. ಹೊಲಿಗೆ ಮುಚ್ಚುವುದು ಆಮೇಲೆ ಸುಲಭ. ಗರಗಸದ ಆಳವನ್ನು ಮೇಲಿನ ಪದರದಷ್ಟಕ್ಕೇ ಇಟ್ಟುಕೊಳ್ಳಿ. ಕೆಳಗಿನ ಪದರ ಕತ್ತರಿಸಿದರೆ ಒಂದು ಕೆಲಸ ಎರಡಾಗುತ್ತದೆ. ಕತ್ತರಿಸಿದ ಮೇಲೆ ಅಗಲ ಉಳಿ ತೂರಿಸಿ ಪದರವನ್ನು ನಿಧಾನವಾಗಿ ಎಬ್ಬಿಸಿ. ಕೊಳೆತ ಕಡೆ ಅದು ತಾನಾಗಿ ಎದ್ದು ಬರುತ್ತದೆ. ಇನ್ನೂ ಅಂಟಿಕೊಂಡಿರುವ ಕಡೆ ಜಗಳ ಆಡುತ್ತದೆ. ಆ ಜಗಳ ಒಳ್ಳೆಯ ಸುದ್ದಿ. ಪದರವನ್ನು ಬಿಸಾಡಬೇಡಿ, ಮುಂಭಾಗ ಯಾವುದು ಅಂತ ಬಾಣ ಬರೆದು ಎತ್ತಿಡಿ. ಅದನ್ನೇ ವಾಪಸ್ ಹಾಕಬಹುದು.

ಒಳಗೆ ಕಾಣುವುದು ಕಪ್ಪು ಕೆಸರು, ಹಳೆಯ ಎಲೆಗೊಬ್ಬರದ ವಾಸನೆ. ಅದನ್ನೆಲ್ಲ ಕೆರೆದು ತೆಗೆಯಿರಿ. ಅಂಚಿಗೆ ಹೋದಂತೆ ಮರದ ಬಣ್ಣ ಕಪ್ಪಿನಿಂದ ಕಂದಿಗೆ, ಕಂದಿನಿಂದ ಕೆನೆ ಬಣ್ಣಕ್ಕೆ ತಿರುಗುತ್ತದೆ. ಕೆನೆ ಬಣ್ಣದ, ಒಣಗಿದ, ಉಳಿಗೆ ಸುಲಭವಾಗಿ ಜಗ್ಗದ ಮರ ಸಿಗುವವರೆಗೆ ಹೋಗಬೇಕು. ಗಡಿಯನ್ನು ಇನ್ನಷ್ಟು ಆಚೆಗೆ ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಮೊದಲ ಸಲ ನಾನೂ ನಸುಗಂದು ಬಣ್ಣದ ಒಂದು ಮೂಲೆಯನ್ನು ಬಿಟ್ಟಿದ್ದೆ, ಗಟ್ಟಿಯಾಗಿಯೇ ಇದೆ ಅಂತ. ಎರಡು ವರ್ಷದ ಮೇಲೆ ಸರಿಯಾಗಿ ಅಲ್ಲೇ ಮತ್ತೆ ಕತ್ತರಿಸಬೇಕಾಯಿತು. ಈ ಇಡೀ ಕೆಲಸದಲ್ಲಿ ಒಂದು ಕಡೆ ಮಾತ್ರ ಧಾರಾಳವಾಗಿರಿ ಅಂದರೆ ಅದು ಇಲ್ಲಿ.

ಮತ್ತೆ ಒಂದು ಮಾಡುವುದು

ಕೆಳಗಿನ ಪದರವನ್ನು ಗ್ರೈಂಡರ್‌ನಲ್ಲಿ ಉಜ್ಜಿ, ಹಳೆಯ ಮರದ ಚೂರು, ಅಂಟು ಎಲ್ಲ ಹೋಗಿ ಹೊಸ ಫೈಬರ್‌ಗ್ಲಾಸ್ ಕಾಣುವಂತೆ ಮಾಡಿ. ಧೂಳು ತೆಗೆದು ಅಸಿಟೋನ್‌ನಿಂದ ಒರೆಸಿ. ಈ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಶ್ವಾಸಕೋಶಕ್ಕೆ ಇನ್ನೂ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು. ಎಪಾಕ್ಸಿ ಬರಿಗೈಗೆ ತಾಗಿಸಬೇಡಿ. ಅದರ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನ ಬಿಡುವುದಿಲ್ಲ.

ಒಣಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆಯ ಒಳಗೆ ಮಂಜು ಕಟ್ಟಿದ್ದರೆ ಇನ್ನೂ ಕಾಯಬೇಕು.

ಹೊಸ ಕೋರ್ ಯಾವುದು? ನಾಲ್ಕೈದು ದಶಕ ಬಾಳಿದ ಬಾಲ್ಸಾ ಈಗಲೂ ಒಳ್ಳೆಯದೇ, ಒಳಗೆ ನೀರು ಹೋಗಲು ಬಿಡದಿದ್ದರೆ. ಮುಚ್ಚಿದ ಗುಳ್ಳೆಗಳ ಫೋಮ್ ಕೊಳೆಯುವುದಿಲ್ಲ, ಆದರೆ ಒತ್ತಡ ತಡೆಯುವುದರಲ್ಲಿ ಬಾಲ್ಸಾದಷ್ಟು ಗಟ್ಟಿಯಲ್ಲ. ಪ್ಲೈವುಡ್ ಭಾರ. ದಪ್ಪ ಮಾತ್ರ ಹಳೆಯದರಷ್ಟೇ ಇರಬೇಕು.

ಈಗ ಅಂಟಿಸುವುದು. ಹಳೆಯ ಫೈಬರ್‌ಗ್ಲಾಸ್‌ಗೆ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ರೆಸಿನ್, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಎರಡರ ಅಳತೆಯೂ ಡಬ್ಬದ ಮೇಲೆ ಬರೆದಷ್ಟೇ ಇರಲಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಕಲಸಿದ್ದನ್ನು ಆಳದ ಡಬ್ಬದಲ್ಲಿ ಇಡಬೇಡಿ, ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿಯಿರಿ.

ಮೊದಲು ತೆಳು ಎಪಾಕ್ಸಿಯನ್ನು ಕೆಳಪದರಕ್ಕೂ ಬಾಲ್ಸಾದ ಕೆಳಮೈಗೂ ಹಚ್ಚಿ. ನಿಂತ ನಾರು ಅದನ್ನು ಬಾಯಾರಿದವರ ಹಾಗೆ ಕುಡಿಯುತ್ತದೆ. ಈ ಹೆಜ್ಜೆ ಬಿಟ್ಟರೆ ಆಮೇಲೆ ಹಾಕುವ ಅಂಟಿನ ರೆಸಿನ್ನನ್ನೆಲ್ಲ ಮರವೇ ಹೀರಿ, ಹಿಡಿತಕ್ಕೆ ಏನೂ ಉಳಿಯುವುದಿಲ್ಲ. ಅದರ ಮೇಲೆ ಸಿಲಿಕಾ ಪುಡಿ ಸೇರಿಸಿ ಗ್ರೀಸಿನ ಹದಕ್ಕೆ ಬಂದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಹರಡಿ, ಕೋರ್ ಇಟ್ಟು ಒತ್ತಿ. ಸಂದುಗಳಿಂದ ಅಂಟು ಮೇಲೆ ಉಕ್ಕಬೇಕು. ಉಕ್ಕದ ಕಡೆ ಕೆಳಗೆ ಗಾಳಿ ಇದೆ. ಪ್ಲಾಸ್ಟಿಕ್ ಹಾಸಿ ಮರಳಿನ ಚೀಲಗಳನ್ನು ಹೇರಿ. ಬಿಲ್ಲೆಗಳ ನಡುವಿನ ಪ್ರತಿ ಸಂದನ್ನೂ ತುಂಬಿ. ಹಿಂದೆ ನೀರು ಓಡಿದ್ದು ಆ ಕಾಲುವೆಗಳಲ್ಲೇ ಅಲ್ವಾ.

ಅನುಭವಸ್ಥರು ಈ ಕೆಲಸವನ್ನು ಮಧ್ಯಾಹ್ನ ಕಳೆದ ಮೇಲೆ ಹಿಡಿಯುತ್ತಾರೆ. ಬೆಳಗ್ಗೆ ಮರ ಬಿಸಿಯಾಗುತ್ತಾ ಹೋದಂತೆ ಒಳಗಿನ ಗಾಳಿ ಹಿಗ್ಗಿ ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ತಣ್ಣಗಾಗುವಾಗ ಗಾಳಿ ಕುಗ್ಗಿ, ಮರವೇ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಮೇಲಿನ ಪದರವನ್ನೂ ಹೀಗೇ ವಾಪಸ್ ಕೂರಿಸಬೇಕು. ಅದರ ಒಳಮೈ ಉಜ್ಜಿ, ಎಪಾಕ್ಸಿ ಹಚ್ಚಿ, ಗಾಳಿ ಹೋಗಲು ಅಲ್ಲಲ್ಲಿ ಸಣ್ಣ ತೂತು ಮಾಡಿ, ಮೇಲೆ ಭಾರ. ಇನ್ನು ಉಳಿಯುವುದು ಗರಗಸದ ಗೆರೆ. ಅದಕ್ಕೆ ಬರೀ ಎಪಾಕ್ಸಿ ತುಂಬಿ ಬಣ್ಣ ಬಳಿದರೆ ಸಾಲದು. ಗಾಜಿನ ಎಳೆ ಅಲ್ಲಿ ತುಂಡಾಗಿದೆ, ಎಳೆತ ದಾಟಲು ದಾರಿಯಿಲ್ಲ. ಹಾಗಾಗಿ ಗೆರೆಯ ಎರಡೂ ಕಡೆ ಪದರವನ್ನು ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲಕ್ಕೆ. ಪದರ 3 ಮಿಲಿಮೀಟರ್ ಇದ್ದರೆ ಒಂದೊಂದು ಕಡೆ 36 ಮಿಲಿಮೀಟರ್. ಆ ತಗ್ಗಿಗೆ ಗಾಜಿನ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಎಪಾಕ್ಸಿಯಲ್ಲಿ ಅದ್ದಿ ಕೂರಿಸಿ ಹಳೆಯ ಮಟ್ಟಕ್ಕೆ ತನ್ನಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಬಂದಿರಬಹುದು. ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ನೀರು ಹಾಕಿ ತಿಕ್ಕಿ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಕೋಟು ಹಿಡಿಯುವುದಿಲ್ಲ. ಬಿಸಿಲಿಗೆ ಎಪಾಕ್ಸಿ ತಾಳುವುದಿಲ್ಲ, ಬಣ್ಣ ಬೇಕೇ ಬೇಕು.

ತೂತುಗಳ ಕಥೆ ಮುಗಿಸದಿದ್ದರೆ

ಇಲ್ಲಿಗೆ ನಿಲ್ಲಿಸಿ ಹಳೆಯ ಹಾಗೇ ಬೋಲ್ಟ್ ಬಿಗಿದರೆ ಕೆಲವೇ ವರ್ಷದಲ್ಲಿ ಮತ್ತೆ ಇದೇ ಕೆಲಸ. ಕೋರಿಗೆ ನೀರು ಸೇರಿಸಿದ್ದೇ ಆ ತೂತುಗಳು. ಇದಕ್ಕೆ ಒಂದು ಸರಳ ಪರಿಹಾರ ಇದೆ. 8 ಮಿಲಿಮೀಟರ್ ಬೋಲ್ಟ್ ಬೇಕಿದ್ದರೆ ಮೊದಲು ಮೇಲಿನ ಪದರ, ಕೋರ್ ಎರಡರಲ್ಲೂ 16 ಮಿಲಿಮೀಟರ್‌ನಷ್ಟು ದೊಡ್ಡ ತೂತು ಕೊರೆಯಿರಿ. ಕೆಳಪದರ ಹಾಗೇ ಇರಲಿ. ಒಳಗೆ ತೆಳು ಎಪಾಕ್ಸಿ ಸವರಿ, ಆಮೇಲೆ ಪುಡಿ ಸೇರಿಸಿ ಮಂದ ಮಾಡಿದ ಎಪಾಕ್ಸಿ ತುಂಬಿ. ಅದು ಕಲ್ಲಾದ ಮೇಲೆ ನಟ್ಟನಡುವೆ 8 ಮಿಲಿಮೀಟರ್ ಕೊರೆಯಿರಿ. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿಯ ಕೊಳವೆ, ಮರ ಅಲ್ಲ. ನಾಳೆ ಸೀಲಂಟ್ ಸೋತರೂ ನೀರು ನೇರ ಕ್ಯಾಬಿನ್ನಿಗೆ ತೊಟ್ಟಿಕ್ಕುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಕಾಣುವ ಸೋರಿಕೆಯನ್ನು ಅದೇ ದಿನ ಸರಿಮಾಡಬಹುದು. ಈ ಎಪಾಕ್ಸಿ ಬೋಲ್ಟ್ ಬಿಗಿಯುವಾಗ ಡೆಕ್ ಅಮುಕಿಹೋಗದಂತೆಯೂ ತಡೆಯುತ್ತದೆ.

ತೂತಿನ ಬಾಯಿಯನ್ನು ಸ್ವಲ್ಪ ಇಳಿಜಾರು ಮಾಡಿ ಬೋಲ್ಟಿಗೆ ಬ್ಯೂಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಸುತ್ತಿ ಬಿಗಿಯಿರಿ, ಒಂದೇ ಸಲ ಅಲ್ಲ, ಎರಡು ಮೂರು ದಿನ ಸ್ವಲ್ಪ ಸ್ವಲ್ಪ. ಬ್ಯೂಟೈಲ್ ಗಟ್ಟಿಯಾಗುವುದಿಲ್ಲ, ಹಿಗ್ಗಿ ಕುಗ್ಗಿ ಜೊತೆಗೇ ಇರುತ್ತದೆ. ಕೆಳಗಡೆ ಬರೀ ವಾಷರ್ ಬೇಡ, ಅಗಲ ಪ್ಲೇಟ್ ಕೊಡಿ.

ಎರಡು ಜಾಗಗಳಲ್ಲಿ ಮಾತ್ರ ಡೆಕ್ಕಿನಾಚೆಗೂ ನೋಡಬೇಕು. ಮಾಸ್ಟ್, ಅಂದರೆ ಹಾಯಿಯ ದೊಡ್ಡ ಕಂಬ, ಡೆಕ್ಕಿನ ಮೇಲೇ ನಿಂತಿದ್ದು ಅದರ ಬುಡ ಕುಸಿದಿದ್ದರೆ, ಮಾಸ್ಟ್ ಇಳಿಸದೆ ಏನನ್ನೂ ಕತ್ತರಿಸಬೇಡಿ. ಅಲ್ಲಿ ಹೊಸದಾಗಿ ಹಾಕುವುದು ಬಾಲ್ಸಾ ಆಗಬಾರದು, ಗಟ್ಟಿ ಫೈಬರ್‌ಗ್ಲಾಸೇ ಆಗಬೇಕು. ಇನ್ನೊಂದು, ಮಾಸ್ಟನ್ನು ಹಿಡಿದಿರುವ ತಂತಿಗಳು ಬಂದು ಸೇರುವ ಲೋಹದ ಪಟ್ಟಿ, ಚೈನ್‌ಪ್ಲೇಟ್. ಅದರ ಸುತ್ತ ಡೆಕ್ ಒದ್ದೆಯಾಗಿದ್ದರೆ ಪಟ್ಟಿಯನ್ನೇ ಹೊರಗೆಳೆದು ನೋಡಬೇಕು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಗಾಳಿಯ ಆಮ್ಲಜನಕ ಬೇಕು. ಒದ್ದೆ ಸಂದಿನಲ್ಲಿ ಅದು ಸಿಗುವುದಿಲ್ಲ. ಮೇಲೆ ಕೆಳಗೆ ಹೊಳೆಯುತ್ತಿರುವ ಪಟ್ಟಿ, ಡೆಕ್ಕಿನ ದಪ್ಪದೊಳಗೆ ಮಾತ್ರ ಬಿರುಕು ಬಿಟ್ಟಿರಬಹುದು. ಅದು ತುಂಡಾದರೆ ಮಾಸ್ಟ್ ನೀರಿಗೆ. ಪಟ್ಟಿ ಬಿಗಿದಿರುವ ಒಳಗಿನ ಅಡ್ಡಗೋಡೆಯ ಪ್ಲೈವುಡ್ಡನ್ನೂ ಚುಚ್ಚಿ ನೋಡಿ, ಅದೇ ನೀರು ಅಲ್ಲಿಗೂ ಇಳಿದಿರುತ್ತದೆ.

ಕೆಲಸ ಮುಗಿದ ಮೇಲೆ ಬರುವ ಮೊದಲ ಜೋರು ಮಳೆಯ ದಿನ ದೋಣಿಯೊಳಗೆ ಕೂತು, ಟಾರ್ಚ್ ಹಿಡಿದು ಒಂದೊಂದು ಬೋಲ್ಟಿನ ಕೆಳಗೂ ಬೆರಳಿಟ್ಟು ನೋಡಿ. ಒದ್ದೆ ಇದ್ದರೆ ಆ ಬೋಲ್ಟನ್ನು ಗುರುತು ಮಾಡಿ, ಮಳೆ ನಿಂತ ಮೇಲೆ ಬಿಚ್ಚಿ, ಹೊಸ ಬ್ಯೂಟೈಲ್ ಹಾಕಿ ಬಿಗಿಯಿರಿ. ವರ್ಷಕ್ಕೊಮ್ಮೆ ಹೀಗೆ ನೋಡಿಕೊಂಡರೆ ಗರಗಸವನ್ನು ಮತ್ತೆ ಹೊರಗೆ ತೆಗೆಯುವ ಪ್ರಸಂಗ ಬರುವುದಿಲ್ಲ.